ಜರ್ಮನಿಯ ಬಿಯರ್ ಜಾತ್ರೆಗೆ ಹೊರಟಿದ್ದೇನೆ, ಸ್ಟ್ರಾಂಗ್ ಬಿಟ್ಟು ಬೇರೆ ಗೊತ್ತಿಲ್ಲ. ರುಚಿ ನೋಡುವುದು ಹೇಗೆ?

ಭಟ್ಟಿ ಹುಡುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹೆಸರಿಗೆ ಹುಡುಗ, ವಯಸ್ಸು 43. ಕಸುಬು ಮಂಡಕ್ಕಿ ಭಟ್ಟಿ. ತಾತ ಹಚ್ಚಿದ ಒಲೆ, ಅಪ್ಪ ಆರಲು ಬಿಡಲಿಲ್ಲ, ಈಗ ನನ್ನ ಪಾಳಿ.

ಮೇ 18ಕ್ಕೆ ಜರ್ಮನಿಗೆ ಹೊರಟಿದ್ದೇನೆ, ಜೂನ್ 9ಕ್ಕೆ ವಾಪಸ್. ಅಕ್ಕ, ಭಾವ ಎರ್ಲಾಂಗೆನ್ ಎನ್ನುವ ಊರಿನಲ್ಲಿದ್ದಾರೆ. ಟಿಕೆಟ್ ಆಯಿತು ಎಂದು ಫೋನ್ ಮಾಡಿದರೆ ಭಾವ, "ಸರಿಯಾದ ಟೈಮಿಗೆ ಬರ್ತಿದ್ದೀಯ ಕಣೋ, ಆಗ ಇಲ್ಲಿ ಜಾತ್ರೆ" ಎಂದರು. ಯಾವ ದೇವರದ್ದು ಎಂದು ಕೇಳಿದೆ. "ಬಿಯರ್ ದೇವರದ್ದು" ಎಂದರು. ಹಿಂದೆ ಅಕ್ಕ ನಕ್ಕಿದ್ದು ಕೇಳಿಸಿತು. ನಾನು ಕುಡಿಯುವ ವಿಷಯ ಅಕ್ಕನಿಗೆ ಗೊತ್ತಿದೆ ಎನ್ನುವುದೇ ನನಗೆ ಆವತ್ತು ಗೊತ್ತಾದದ್ದು.

ನನ್ನ ಬಿಯರ್ ಜ್ಞಾನ ಇಷ್ಟೇ. ತಿಂಗಳಿಗೆ ಒಂದೋ ಎರಡೋ ಸಲ ಇಬ್ಬರು ಗೆಳೆಯರ ಜೊತೆ ಬೈಪಾಸ್ ಕಡೆ ಹೋಗುತ್ತೇವೆ. ಪರದೆ ಹಾಕಿದ ಕ್ಯಾಬಿನ್. ಸಪ್ಲೈಯರ್ ಬಂದು "ಸ್ಟ್ರಾಂಗಾ, ಮೈಲ್ಡಾ?" ಎನ್ನುತ್ತಾನೆ. ಲೋಕದಲ್ಲಿ ಬಿಯರ್ ಎಂದರೆ ಆ ಎರಡೇ ಜಾತಿ ಎಂದು ತಿಳಿದಿದ್ದೆ. 650 ಎಂಎಲ್ ಸ್ಟ್ರಾಂಗು, ನೆಂಚಿಕೊಳ್ಳಲು ಖಾರ ಮಂಡಕ್ಕಿ, ಮಿರ್ಚಿ. ಅರ್ಧ ಗಂಟೆಯಲ್ಲಿ ಬಾಟಲಿ ಖಾಲಿ. ಬಾಯಿಗೆ ಏಲಕ್ಕಿ, ಸೀದಾ ಮನೆ. ರುಚಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಕಹಿ, ತಣ್ಣಗೆ ಅಂತ ಹೇಳಬಲ್ಲೆ. ಬೆಳಿಗ್ಗೆ ತಲೆನೋವು ಎಂದೂ ಸೇರಿಸಬಹುದು.

ಭಾವ ಅಲ್ಲಿನ ಬ್ರೂವರಿಗಳಿಗೆ ಕರೆದುಕೊಂಡು ಹೋಗುತ್ತಾರಂತೆ. ಒಂದೊಂದು ಊರಿಗೂ ಒಂದೊಂದು ಬಿಯರ್ ಎನ್ನುತ್ತಾರೆ. ಸುಮ್ನೆ ಕುಡಿದು ಬಂದರೆ ಏನು ಬಂತು? ರುಚಿ ನೋಡುವುದು ಎಂದರೆ ಏನು, ಎಷ್ಟು ಕುಡಿಯಬೇಕು, ಯಾವುದು ಮೊದಲು? ಜಾತ್ರೆಯಲ್ಲಿ ಒಂದು ಲೀಟರಿನ ಮಗ್ಗೇ ಕೊಡುತ್ತಾರೆ ಎನ್ನುವುದು ನಿಜವಾ? ಇನ್ನೊಂದು, ನಾವು ಮೊಟ್ಟೆ ಕೂಡ ತಿನ್ನದ ಮನೆಯವರು. ಅಲ್ಲಿ ನೆಂಚಿಕೊಳ್ಳಲು ಏನು ಸಿಗುತ್ತದೆ? ತಿಳಿದವರು ಹೇಳಿ. ನಗುವವರು ನಕ್ಕು ಆಮೇಲೆ ಹೇಳಿ.

ಏಳು ಸುತ್ತು, ಚಿತ್ರದುರ್ಗ

ಅಣ್ಣ, ನಕ್ಕಾಯಿತು. ಈಗ ಹೇಳುತ್ತೇನೆ. ನಾನು ಎರ್ಲಾಂಗೆನ್‌ನಲ್ಲಿ ನಾಲ್ಕು ವರ್ಷ ಇದ್ದು ಬಂದವನು.

ಭಾವ ಹೇಳಿದ ಜಾತ್ರೆ ಬೆರ್ಗ್‌ಕಿರ್ಖ್‌ವೈ. ಊರಿನವರು ಬರೀ "ಬೆರ್ಗ್" ಎನ್ನುತ್ತಾರೆ, ಗುಡ್ಡ ಎಂದು. 1755ರಿಂದ ನಡೆಯುತ್ತಿದೆ. ಪೆಂಟೆಕಾಸ್ಟ್ ಹಬ್ಬದ ಹಿಂದಿನ ಗುರುವಾರ ಸಂಜೆ ಮೇಯರ್ ಪೀಪಾಯಿಗೆ ನಲ್ಲಿ ಹೊಡೆದು ಶುರು ಮಾಡುತ್ತಾರೆ, 12 ದಿನ. ಆ ಹಬ್ಬ ಈಸ್ಟರ್ ನೋಡಿಕೊಂಡು ಬರುವುದರಿಂದ ಜಾತ್ರೆಯ ತಾರೀಖೂ ವರ್ಷ ವರ್ಷ ಬದಲಾಗುತ್ತದೆ.

ಗುಡ್ಡದಲ್ಲೇ ಯಾಕೆ ಎಂದರೆ, ಫ್ರಿಜ್ ಇಲ್ಲದ ಕಾಲದಲ್ಲಿ ಅಲ್ಲಿನ ಬ್ರೂವರಿಯವರು ಬಿಯರ್ ತಂಪಾಗಿಡಲು ಮರಳುಗಲ್ಲಿನ ಗುಡ್ಡದೊಳಗೆ ಸುರಂಗ ಕೊರೆದರು. ನಮ್ಮ ಹಗೇವು ಇದ್ದ ಹಾಗೆ, ಆದರೆ ನೆಲಕ್ಕಲ್ಲ, ಗುಡ್ಡಕ್ಕೆ ಅಡ್ಡಕ್ಕೆ. ಮೇಲೆ ಬಿಸಿಲು ಬೀಳಬಾರದು ಎಂದು ಮರ ಬೆಳೆಸಿದರು. ಆ ನೆರಳಿನಲ್ಲಿ ಬೆಂಚು ಹಾಕಿದರು. ಅದೇ ಬೆಳೆದು ಜಾತ್ರೆ ಆಯಿತು. ಆ ಸುರಂಗಕ್ಕೆ ಕೆಲ್ಲರ್ ಎನ್ನುತ್ತಾರೆ. ಆ ಕಡೆಯ ಜನ ಕೆಲ್ಲರಿಗೆ ಹೋಗೋಣ ಎನ್ನುವುದಿಲ್ಲ, "ಕೆಲ್ಲರ್ ಮೇಲೆ ಹೋಗೋಣ" ಎನ್ನುತ್ತಾರೆ. ಕೂರುವುದು ಮೇಲೆ, ಬಿಯರ್ ಕೆಳಗೆ. ಬಾಗಿಲ ಹತ್ತಿರ ನಿಂತರೆ ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೆ ಇಳಿದಾಗ ಮುಖಕ್ಕೆ ಬರುವ ತಂಪು ಬರುತ್ತದೆ. ನಾನು ಎಷ್ಟೋ ಸಲ ಬರೀ ಅದಕ್ಕೇ ಹೋಗಿ ನಿಂತಿದ್ದೇನೆ.

ಲೀಟರ್ ಮಗ್ ನಿಜ. ಮಾಸ್ ಎನ್ನುತ್ತಾರೆ, ಪಿಂಗಾಣಿ ಭರಣಿ ಥರದ ದಪ್ಪ ಮಗ್ಗು. ಮಗ್ಗಿಗೆ ಡಿಪಾಸಿಟ್ ಕಟ್ಟಬೇಕು, ವಾಪಸ್ ಕೊಟ್ಟಾಗ ದುಡ್ಡು ಕೊಡುತ್ತಾರೆ. ಹಾಗಾಗಿ ಬೆರ್ಗ್ ರುಚಿ ನೋಡುವ ಜಾಗ ಅಲ್ಲ ಅಣ್ಣ. ಅದು ಜಾತ್ರೆ. ತೊಟ್ಟಿಲು, ರಾಟೆ, ಬ್ಯಾಂಡು, ನೂಕುನುಗ್ಗಲು. ಒಂದು ಮಗ್ ತಗೊಂಡು ಮೂವರು ಹಂಚಿಕೊಳ್ಳಿ.

ನಿಮಗೆ ಬೇಕಾದದ್ದು ಅದರ ಬೆನ್ನಿಗೇ ಬರುತ್ತದೆ. ಬೆರ್ಗ್ ಮುಗಿಯುವುದು ಸೋಮವಾರ. ಅದೇ ವಾರ ಕಾರ್ಪಸ್ ಕ್ರಿಸ್ಟಿ ರಜೆಯ ಆಸುಪಾಸಿನಲ್ಲಿ ಪಕ್ಕದ ನ್ಯೂರೆಂಬರ್ಗ್‌ನಲ್ಲಿ ಫ್ರಾಂಕೋನಿಯಾ ಎನ್ನುವ ಆ ಸೀಮೆಯ ಬಿಯರ್ ಹಬ್ಬ. ಎಲ್ಲಿ ಗೊತ್ತಾ? ಕೋಟೆಯ ಕಂದಕದಲ್ಲಿ! ನೀರಿಲ್ಲದ ಕಂದಕ, ಒಂದು ಕಡೆ ಎತ್ತರದ ಕಲ್ಲಿನ ಗೋಡೆ. ಸುತ್ತಲಿನ ಸಣ್ಣ ಊರುಗಳ ಸುಮಾರು 40 ಬ್ರೂವರಿಗಳು ಅಲ್ಲಿ ಸಾಲಾಗಿ ಮಳಿಗೆ ಹಾಕುತ್ತವೆ. ದುರ್ಗದವನಾದ ನನಗೆ ಕೋಟೆ ನೋಡಿದರೆ ಒನಕೆ ನೆನಪಾಗಬೇಕು, ಅಲ್ಲಿ ಹೋದಮೇಲೆ ಬಿಯರ್ ನೆನಪಾಗುತ್ತದೆ. ಏನು ಮಾಡುವುದು. ನಿಮ್ಮ ತಾರೀಖಿಗೆ ಎರಡೂ ಸಿಗುತ್ತವೆ.

ಬಾಂಬೆರ್ಗ್ ಬಿಡಬೇಡಿ. ಎರ್ಲಾಂಗೆನ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಅಲ್ಲಿ ಶ್ಲೆಂಕರ್ಲಾ ಎನ್ನುವ ಹಳೆಯ ಬ್ರೂವರಿ ಇದೆ, 1405ರಿಂದಲೂ ಆ ಮನೆಯ ಉಲ್ಲೇಖ ಸಿಗುತ್ತದೆ. ಅಲ್ಲಿ ಏನು ಕೊಡುತ್ತಾರೆ ಎಂದು ಹೇಳುವುದಿಲ್ಲ. ಭಟ್ಟಿಯವರು ನೀವು, ಹೋಗಿ ಮೂಸಿ ನೋಡಿ. ಕಾಲಿಗೆ ಶಕ್ತಿ ಇದ್ದರೆ ಗ್ರೇಫೆನ್‌ಬೆರ್ಗ್ ಕಡೆ ಬ್ರೂವರಿಯಿಂದ ಬ್ರೂವರಿಗೆ ನಡೆಯುವ ಕಾಡುದಾರಿಯೂ ಇದೆ, ಹೆಸರೇ "ಐದು ಸೈಡ್ಲಾ ದಾರಿ". ಸೈಡ್ಲಾ ಎಂದರೆ ಅರ್ಧ ಲೀಟರ್.

ಜಯದೇವ ಸರ್ಕಲ್

ಅಷ್ಟು ದುಡ್ಡು ಸುರಿದು ವಿಮಾನ ಹತ್ತಿ ಹೋಗಿ ಕುಡಿಯಬೇಕಾ? ಎಣ್ಣೆ ಎಣ್ಣೆಯೇ. ಇಲ್ಲೇ ಸಿಗಲ್ವಾ?

ಭಟ್ಟಿ ಹುಡುಗ, ದಾವಣಗೆರೆ

ಸರ್, ಬೆಣ್ಣೆ ದೋಸೆಯೂ ದೋಸೆಯೇ. ಬೆಂಗಳೂರಿನವರು ಅದನ್ನು ತಿನ್ನಲು ಇಲ್ಲಿಗೆ ಯಾಕೆ ಬರುತ್ತಾರೆ? ಹೋಗುತ್ತಿರುವುದು ಅಕ್ಕನ ಮನೆಗೆ. ಬಿಯರ್ ನಡುವೆ ಸಿಕ್ಕಿದ್ದು.

ಏಳು ಸುತ್ತು ಅವರೇ, ಕಂದಕ ಕೇಳಿ ಖುಷಿಯಾಯಿತು. ಆದರೆ ರುಚಿ ನೋಡುವುದು ಹೇಗೆ ಎಂದು ಯಾರೂ ಹೇಳಲಿಲ್ಲ.

ಪೀಪಾಯಿ, ಹರಿಹರದವನು, ಈಗ ಬೆಂಗಳೂರು

ಅದು ನನ್ನ ಕೆಲಸ, ನಾನು ಹೇಳುತ್ತೇನೆ. ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಬಿಯರ್ ಮಾಡುವ ಕಡೆ ಇದ್ದೇನೆ. ಡ್ರಮ್ ತೊಳೆಯುವುದೇ ಜಾಸ್ತಿ, ಅದು ಬೇರೆ ಮಾತು.

ಮೊದಲು ಲೆಕ್ಕ. ನಿಮ್ಮ ಸ್ಟ್ರಾಂಗ್ ಬಾಟಲಿ 650 ಎಂಎಲ್, ಲೇಬಲ್ ಮೇಲೆ ಶೇ 8ರವರೆಗೆ ಎಂದಿರುತ್ತದೆ. ಹೆಚ್ಚೆಂದರೆ 52 ಎಂಎಲ್ ಆಲ್ಕೋಹಾಲ್. ಆ ಜಾತ್ರೆಯ ಬಿಯರ್ ಸುಮಾರು ಶೇ 6 ಇರುತ್ತದೆ. ಲೀಟರಿಗೆ 60 ಎಂಎಲ್. ಅಂದರೆ ಒಂದು ಮಗ್ಗು ನಿಮ್ಮ ಒಂದು ಬಾಟಲಿಗಿಂತ ಜಾಸ್ತಿ. ವಿಸ್ಕಿಯಲ್ಲಿ ಹೇಳಬೇಕೆಂದರೆ ಎರಡು ಲಾರ್ಜ್ ದಾಟುತ್ತದೆ. ಸ್ಟ್ರಾಂಗ್ ಅಲ್ಲ ಎಂದು ನೀರಿನ ಹಾಗೆ ಎತ್ತಬೇಡಿ. ಕುಡಿಯಲು ಸುಲಭ, ಎದ್ದು ನಿಲ್ಲುವುದೇ ಕಷ್ಟ.

ಈಗ ರುಚಿ. ಬಿಯರ್‌ನ ಅರ್ಧ ರುಚಿ ಮಾಲ್ಟ್‌ನಲ್ಲಿದೆ. ಮಾಲ್ಟ್ ಎಂದರೆ ನಿಮಗೆ ಹೊಸದಲ್ಲ. ಮಕ್ಕಳಿಗೆ ರಾಗಿ ಮಾಲ್ಟ್ ಮಾಡಲು ಅಮ್ಮ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿಯುತ್ತಿದ್ದರಲ್ಲ, ಅದೇ. ಇಲ್ಲಿ ರಾಗಿ ಬದಲು ಬಾರ್ಲಿ. ಎರಡು ದಿನ ನೆನೆಸು, ನಾಲ್ಕೈದು ದಿನ ಮೊಳಕೆ, ಆಮೇಲೆ ಬಿಸಿ ಗಾಳಿಯಲ್ಲಿ ಒಣಗಿಸು. ಮೊಳಕೆ ಬಂದಾಗ ಕಾಳಿನೊಳಗಿನ ಹಿಟ್ಟನ್ನು ಸಕ್ಕರೆ ಮಾಡುವ ಶಕ್ತಿ ಬರುತ್ತದೆ. ಅದನ್ನು ನುಚ್ಚು ಮಾಡಿ ಸುಮಾರು 65 ಡಿಗ್ರಿ ನೀರಿನಲ್ಲಿ ನೆನೆಸಿಟ್ಟರೆ ಸಿಹಿ ಗಂಜಿ. ಗಂಜಿ ಸೋಸಿ, ಹಾಪ್ಸ್ ಎನ್ನುವ ಬಳ್ಳಿಯ ಹೂವು ಹಾಕಿ ಕುದಿಸಿದರೆ ಕಹಿ ಬರುತ್ತದೆ. ತಣ್ಣಗಾದ ಮೇಲೆ ಯೀಸ್ಟ್ ಹಾಕಿದರೆ ಅದು ಸಕ್ಕರೆ ತಿಂದು ಆಲ್ಕೋಹಾಲ್, ಗ್ಯಾಸ್ ಬಿಡುತ್ತದೆ. ದೋಸೆ ಹಿಟ್ಟು ಉಬ್ಬುವ ವಿದ್ಯೆಗೆ ಅಣ್ಣ ತಮ್ಮ.

ಒಣಗಿಸುವ ಬಿಸಿಯಲ್ಲಿ ಕೈಚಳಕ ಇರುವುದು. 80, 85 ಡಿಗ್ರಿಯಲ್ಲಿ ಬಿಟ್ಟರೆ ಕಾಳು ಬಿಳಿಚಿಯೇ ಇರುತ್ತದೆ, ಬಿಯರ್ ಹೊಂಬಣ್ಣ. ಇನ್ನಷ್ಟು ಬಿಸಿಗೆ ಬಿಸ್ಕತ್ತು, ಜೇನು. 200 ದಾಟಿಸಿ ಕಾಫಿ ಬೀಜದ ಹಾಗೆ ಹುರಿದರೆ ಸ್ಟೌಟ್ ಎನ್ನುವ ಕಪ್ಪು ಬಿಯರ್. ಬಣ್ಣ ನೋಡಿ ಸ್ಟ್ರಾಂಗ್ ಎಂದುಕೊಳ್ಳಬೇಡಿ. ಕಪ್ಪು ಎಂದರೆ ಹುರಿದದ್ದು ಜಾಸ್ತಿ, ಅಷ್ಟೇ. ಒಂದು ಕ್ಷಣ ತಡವಾದರೆ ಮಂಡಕ್ಕಿ ಸೀಯುತ್ತದೆ ಎಂದು ತಿಳಿದವರಿಗೆ ನಾನೇನು ಹೇಳಲಿ.

ಕುಡಿಯುವಾಗ ನೂರು ಎಂಎಲ್ ಸಾಕು. ಮೊದಲು ಮೂಸಿ. ಆಮೇಲೆ ಸಣ್ಣ ಗುಟುಕು, ಬಾಯಿತುಂಬ ಓಡಾಡಿಸಿ ನುಂಗಿ. ನುಂಗಿದ ಮೇಲೆ ಉಳಿಯುವ ಕಹಿಯನ್ನೂ ಗಮನಿಸಿ. ತಿಳಿಯಿಂದ ಕಪ್ಪಿಗೆ ಹೋಗಿ, ಕಡಿಮೆ ಕಹಿಯಿಂದ ಜಾಸ್ತಿ ಕಹಿಗೆ. ಐಸ್ ಥರ ತಣ್ಣಗಿದ್ದರೆ ನಾಲಿಗೆಗೆ ಏನೂ ತಿಳಿಯುವುದಿಲ್ಲ. ಗ್ಲಾಸನ್ನು ಎರಡು ನಿಮಿಷ ಕೈಯಲ್ಲಿ ಹಿಡಿದುಕೊಳ್ಳಿ. ಹಾಗೆಂದು ಬಿಸಿಲಿನಲ್ಲಿ ಇಡಬೇಡಿ. ಬೆಳಕು ಬಿದ್ದರೆ ಹಾಪ್ಸ್ ಕೆಟ್ಟು ಒಂಥರಾ ಕಮಟು ವಾಸನೆ ಬರುತ್ತದೆ. ಅವರ ಭರಣಿ ಮಗ್ಗಿನಲ್ಲಿ ಆ ಭಯ ಇಲ್ಲ.

ಮಿರ್ಚಿ ಮಾತ್ರ ಬೇಡ. ಖಾರ ಬಿದ್ದ ನಾಲಿಗೆಗೆ ಬಿಯರ್ ಬರೀ ನೀರು. ಒಂದರಿಂದ ಇನ್ನೊಂದಕ್ಕೆ ಹೋಗುವ ಮೊದಲು ನಾಲ್ಕು ಕಾಳು ಸಪ್ಪೆ ಮಂಡಕ್ಕಿ ಬಾಯಿಗೆ ಹಾಕಿಕೊಂಡು ನೀರು ಕುಡಿಯಿರಿ. ನಮ್ಮಲ್ಲಿ ಬಿಸ್ಕತ್ತು ಇಡುತ್ತಾರೆ, ನನ್ನ ಕೇಳಿದರೆ ಮಂಡಕ್ಕಿಯೇ ವಾಸಿ.

ಹೋಗುವ ಮೊದಲು ಒಂದು ಸಲ ಬೆಂಗಳೂರಿಗೆ ಬನ್ನಿ. ಇಂದಿರಾನಗರದಲ್ಲಿ ಟಾಯ್ಟ್ ಎನ್ನುವ ಮೈಕ್ರೋಬ್ರೂವರಿ 2010ರಿಂದ ಇದೆ, ಮೆಟ್ರೋ ಹತ್ತಿರ. ಅಲ್ಲಿ ಅಂತಲ್ಲ, ಎಲ್ಲಿಯಾದರೂ ಸರಿ, ಸಣ್ಣ ಗ್ಲಾಸುಗಳಲ್ಲಿ ಸ್ಯಾಂಪಲ್ ಕೊಡುವ ಕಡೆ ಹೋಗಿ. ಗೋಧಿಯ ವೈಸ್ ಬಿಯರ್ ಕೇಳಿ. ರೈಲಿನಲ್ಲಿ ಬನ್ನಿ, ಕಾರು ತರಬೇಡಿ.

ವಿದ್ಯಾನಗರದ ಅಜ್ಜಿ

ನಾನು ಕುಡಿಯುವವಳಲ್ಲ. ಆದರೆ ಮಗಳ ಬಾಣಂತನಕ್ಕೆ ಅಂತ ಎರಡು ಸಲ ಆ ಕಡೆಯೇ ಇದ್ದು ಬಂದಿದ್ದೇನೆ, ಊಟದ ವಿಷಯ ನನ್ನನ್ನು ಕೇಳು ತಮ್ಮ.

ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಂದಿ ಮಾಂಸವೇ. ಗಾಬರಿಯಾಗಬೇಡ. ಬ್ರೆಜೆಲ್ ಎಂದು ಗಂಟು ಹಾಕಿದ ಬ್ರೆಡ್ ಸಿಗುತ್ತದೆ, ಮೇಲೆ ಉಪ್ಪಿನ ಹರಳು. ಒಬಾಟ್ಸ್‌ಡಾ ಎಂದು ಚೀಸ್, ಬೆಣ್ಣೆ ಕಲಸಿದ ಮುದ್ದೆ ಕೊಡುತ್ತಾರೆ, ಅದರ ಜೊತೆ ಹಸಿ ಈರುಳ್ಳಿ. ಮೂಲಂಗಿ ಸುರುಳಿಯಾಗಿ ಹೆಚ್ಚಿ ಉಪ್ಪು ಹಾಕಿ ಕೊಡುವುದೂ ಉಂಟು. ಇಷ್ಟರಲ್ಲಿ ಹೊಟ್ಟೆ ತುಂಬುತ್ತದೆ. ಆಲೂಗಡ್ಡೆ ಸಲಾಡ್ ನೋಡಿ ಮೋಸ ಹೋಗಬೇಡ, ಎಷ್ಟೋ ಕಡೆ ಅದಕ್ಕೆ ಮಾಂಸದ ಸಾರು ಹಾಕುತ್ತಾರೆ. ನಾನು ಒಂದು ಸಲ ಅರ್ಧ ತಿಂದ ಮೇಲೆ ಅಳಿಯ ಮೆಲ್ಲಗೆ ಹೇಳಿದ. ಆ ದಿನ ನಾನು ಯಾರ ಜೊತೆಯೂ ಮಾತಾಡಲಿಲ್ಲ. ಚೀಸ್ ಹಾಕಿದ ಸ್ಪೇಟ್ಸ್‌ಲೆ ಎಂದು ಶಾವಿಗೆ ಥರ ಕೊಡುತ್ತಾರೆ, ಅದರಲ್ಲಿ ಮೊಟ್ಟೆ ಇರುತ್ತದೆ. ಕೇಳಿ ತಿನ್ನು.

ಆ ಸೀಮೆಯಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಮರದ ಕೆಳಗಿನ ಬಿಯರ್ ತೋಟಗಳಲ್ಲಿ ಬಿಯರ್ ಮಾತ್ರ ಅವರಲ್ಲಿ ಕೊಂಡರೆ ಸಾಕು, ಬುತ್ತಿ ನಮ್ಮದೇ ಒಯ್ಯಬಹುದು. 1812ರಲ್ಲಿ ಆ ಸೀಮೆಯ, ಅಂದರೆ ಬವೇರಿಯಾದ ರಾಜ ಮಾಡಿದ ಕಟ್ಟಳೆಯಿಂದ ಬಂದದ್ದು ಎಂದು ಅಳಿಯ ಹೇಳುತ್ತಿದ್ದ. ಜನ ಮೇಜಿನ ಮೇಲೆ ಬಟ್ಟೆ ಹಾಸಿ ಮನೆಯಿಂದ ತಂದ ಬ್ರೆಡ್, ಚೀಸ್ ಬಿಚ್ಚುತ್ತಾರೆ. ನಾವು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಬಿಚ್ಚಿದೆವು. ಪಕ್ಕದ ಮೇಜಿನ ಮುದುಕ ಒಂದು ಚೂರು ಕೇಳಿ ತಿಂದ. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚೂರು ಕೇಳಿದ. ಜಾತ್ರೆಯಲ್ಲಿ ಬುತ್ತಿ ಬಿಡುತ್ತಾರೋ ಇಲ್ಲವೋ ಭಾವನನ್ನು ಕೇಳಿಕೋ. ತೋಟಕ್ಕೆ ಮಾತ್ರ ಖಂಡಿತ ಕಟ್ಟಿಕೊಂಡು ಹೋಗು. ಅಕ್ಕನಿಗೆ ರೊಟ್ಟಿ ಜಾಸ್ತಿ ಒಯ್ಯಿ.

ಪೀಪಾಯಿ, ಹರಿಹರದವನು, ಈಗ ಬೆಂಗಳೂರು

ಅಜ್ಜಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಿಯರ್ ಸಸ್ಯಾಹಾರವಾ ಎಂದು ಕೆಲವರು ಕೇಳುತ್ತಾರೆ. ಬ್ರಿಟನ್‌ನ ಕೆಲವು ಪೀಪಾಯಿ ಬಿಯರ್‌ಗಳನ್ನು ತಿಳಿ ಮಾಡಲು ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಹಾಕುವ ರೂಢಿ ಇತ್ತು, ಈಗಲೂ ಕೆಲವು ಕಡೆ ಇದೆ. ನೀವು ಹೋಗುವ ಕಡೆ ಆ ಚಿಂತೆ ಇಲ್ಲ. ಬವೇರಿಯಾದಲ್ಲಿ 1516ರಲ್ಲೇ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೆ ಹಾಕಬಾರದು ಎಂದು ಕಟ್ಟಳೆ ಮಾಡಿದ್ದರು. ಯೀಸ್ಟ್ ಮಾತ್ರ ಆ ಪಟ್ಟಿಯಲ್ಲಿಲ್ಲ.

ಭಟ್ಟಿ ಹುಡುಗ, ದಾವಣಗೆರೆ

ಬೆಂಗಳೂರಿಗೆ ಹೋಗಿ ಬಂದೆ. ಆರು ಸಣ್ಣ ಗ್ಲಾಸು ಒಂದು ಹಲಗೆ ಮೇಲೆ ಇಟ್ಟು ತಂದರು, ತಿಥಿ ಊಟಕ್ಕೆ ಪಲ್ಯ ಬಡಿಸಿದ ಹಾಗೆ ಒಂದೊಂದು ಚೂರು. ಗೋಧಿ ಬಿಯರ್ ಮೂಸಿದರೆ ಕಳಿತ ಬಾಳೆಹಣ್ಣು. ಸಪ್ಲೈಯರ್‌ಗೆ, ಬಾಳೆಹಣ್ಣು ಹಾಕಿದ್ದೀರಾ ಎಂದು ಕೇಳಿದೆ. ಇಲ್ಲ ಸರ್, ಯೀಸ್ಟ್ ಮಾಡುವ ಕೆಲಸ ಎಂದ. ನಂಬಿಕೆ ಬರಲಿಲ್ಲ. ಪೀಪಾಯಿ ಅವರೇ, ನಿಜವಾ?

ಜೇಬಿನಲ್ಲಿ ಮಂಡಕ್ಕಿ ಪೊಟ್ಟಣ ಒಯ್ದಿದ್ದೆ. ಮೇಜಿನ ಕೆಳಗೆ ಕದ್ದು ತಿಂದೆ.

ಪೀಪಾಯಿ, ಹರಿಹರದವನು, ಈಗ ಬೆಂಗಳೂರು

ನಿಜ. ಆ ಜಾತಿಯ ಯೀಸ್ಟ್ ಹುಳಿ ಬರಿಸುವಾಗ ಬಾಳೆಹಣ್ಣಿನಲ್ಲಿರುವ ವಾಸನೆಯ ಪದಾರ್ಥವನ್ನೇ ಹುಟ್ಟಿಸುತ್ತದೆ. ಇನ್ನೊಂದು ಸಲ ಮೂಸಿದರೆ ಲವಂಗವೂ ಸಿಗುತ್ತದೆ, ಅದೂ ಯೀಸ್ಟಿನದ್ದೇ. ಮಂಡಕ್ಕಿ ಮೇಜಿನ ಮೇಲೇ ಇಟ್ಟು ತಿನ್ನಿ ಸ್ವಾಮಿ.

ಭಟ್ಟಿ ಹುಡುಗ, ದಾವಣಗೆರೆ

ಬಂದು ಒಂದು ವಾರವಾಯಿತು. ಭಟ್ಟಿ ಕೆಲಸ ಬಾಕಿ ಬಿದ್ದಿತ್ತು, ಅದಕ್ಕೇ ತಡ. ಈಗ ಹೇಳುತ್ತೇನೆ.

ಬೆರ್ಗ್‌ಗೆ ಎರಡನೇ ದಿನ ಹೋದೆವು. ಅಕ್ಕನೂ ಬಂದಳು. ಏಳು ಸುತ್ತು ಅವರು ಮೂವರಿಗೆ ಒಂದು ಮಗ್ ಎಂದು ಹೇಳಿದ್ದರು, ಪೀಪಾಯಿ ಲೆಕ್ಕ ಹಾಕಿ ಕೊಟ್ಟಿದ್ದರು. ಆದರೂ ನನಗೇ ಒಂದು ಬೇಕು ಎಂದು ತಗೊಂಡೆ. ಅದು ಭಾರ ನೋಡಿ, ಒಂದು ಕೈಯಲ್ಲಿ ಎತ್ತಿದರೆ ಮಣಿಕಟ್ಟು ನೋಯುತ್ತದೆ. ಬಿಯರ್ ಹೊಂಬಣ್ಣ, ಬಾಯಿಗೆ ಮೆತ್ತಗೆ, ಈಗಷ್ಟೇ ಬೇಕರಿಯಿಂದ ತಂದ ಬನ್ನಿನ ಸಿಹಿ. ಚೆನ್ನಾಗಿತ್ತು. ಹದಿನೈದು ನಿಮಿಷಕ್ಕೆ ಮುಕ್ಕಾಲು ಮುಗಿಸಿದ್ದೆ.

ಭಾವ ನೋಡುತ್ತಾ ಇದ್ದರು. "ಯಾಕೋ, ಬಸ್ಸಿಗೆ ಹೊತ್ತಾಯ್ತಾ?" ಎಂದರು. ನನಗೆ ಆಗ ಹೊಳೆಯಿತು. ನಾನು ಪರದೆಯ ಹಿಂದೆ ಕುಡಿಯುವ ಹಾಗೆಯೇ ಕುಡಿಯುತ್ತಿದ್ದೆ. ಇಲ್ಲಿ ಯಾರಾದರೂ ನೋಡುವ ಮೊದಲು ಮುಗಿಸಬೇಕು, ಅಪ್ಪ ಊಟಕ್ಕೆ ಕೂರುವ ಮೊದಲು ಮನೆ ಸೇರಬೇಕು. ಇಪ್ಪತ್ತು ವರ್ಷದಿಂದ ಕೈಗೆ ಅದೇ ಅಭ್ಯಾಸ. ಎದುರಿನ ಬೆಂಚಿನಲ್ಲಿ ಒಬ್ಬ ಅಜ್ಜಿ, ಎಂಬತ್ತರ ಮೇಲೆ ಇರಬೇಕು, ಮೊಮ್ಮಗುವಿಗೆ ಬ್ರೆಜೆಲ್ ಮುರಿದು ಕೊಡುತ್ತಾ ಇದ್ದರು. ನಾವು ಬರುವ ಮೊದಲೇ ಅವರ ಮಗ್ ಬಂದಿತ್ತು. ನಾವು ಎದ್ದು ಹೊರಟಾಗಲೂ ಅದರಲ್ಲಿ ಅರ್ಧ ಇತ್ತು.

ಎದ್ದು ಹೊರಟೆವು ಎಂದು ಮರ್ಯಾದೆಗೆ ಬರೆದೆ. ನನ್ನನ್ನು ಎಬ್ಬಿಸಿದರು. ಗುಡ್ಡ ಇಳಿಯುವಾಗ ಅಕ್ಕ ಒಂದು ತೋಳು, ಭಾವ ಒಂದು ತೋಳು. ಮಗ್ಗಿನ ಡಿಪಾಸಿಟ್ ವಾಪಸ್ ತರುವುದು ಮರೆತು ಭಾವ ಮತ್ತೆ ಹತ್ತಿ ಹೋದರು. ಅಕ್ಕ ಏನೂ ಅನ್ನಲಿಲ್ಲ. ಮಾರನೇ ದಿನ ಬೆಳಿಗ್ಗೆ ಮಜ್ಜಿಗೆ ಕೊಟ್ಟು, "ಊರಲ್ಲೂ ಹೀಗೇನಾ?" ಎಂದಳು. ಅಷ್ಟೇ.

ಆಮೇಲೆ ಹೇಳಿದ ಮಾತು ಕೇಳಿದೆ. ನ್ಯೂರೆಂಬರ್ಗ್‌ನ ಕಂದಕಕ್ಕೆ ಎರಡು ಸಂಜೆ ಹೋದೆವು. ಮೂರು ಜನಕ್ಕೆ ಒಂದು ಗ್ಲಾಸು. ಮೂಸುವುದು, ಗುಟುಕು, ಮಂಡಕ್ಕಿ, ನೀರು. ಅಕ್ಕ ಬರೀ ಮೂಸುತ್ತಿದ್ದಳು, ಆದರೆ ನಮ್ಮಿಬ್ಬರಿಗಿಂತ ಸರಿಯಾಗಿ ಅವಳೇ ಹೇಳುತ್ತಿದ್ದಳು. ಒಂದಕ್ಕೆ "ಹುರಿದ ರವೆ" ಎಂದಳು, ಇನ್ನೊಂದಕ್ಕೆ "ಆಲೆಮನೆ". ಆ ಆಲೆಮನೆಯದ್ದು ನ್ಯೂರೆಂಬರ್ಗ್ ಊರಿನದೇ ಕೆಂಪು ಬಿಯರ್. ನ್ಯೂರೆಂಬರ್ಗ್‌ನ ಪೇಟೆ ಕೆಳಗೆ ಬಂಡೆಯಲ್ಲಿ ಕೊರೆದ ಬಿಯರ್ ನೆಲಮಾಳಿಗೆಗಳಿವೆ, ಅದನ್ನೂ ನೋಡಿದೆ. ಬಿಯರ್ ಮಾಡಿ ಮಾರುವವನು ಸ್ವಂತ ನೆಲಮಾಳಿಗೆ ಇಟ್ಟುಕೊಳ್ಳಲೇಬೇಕು ಎಂದು 1380ರಲ್ಲೇ ಆಜ್ಞೆ ಆಗಿತ್ತಂತೆ. ಹೊರಗೆ ಸೆಕೆ, ಒಳಗೆ ಸ್ವೆಟರ್ ಹಾಕಿಕೊಂಡೆ. ಮಳಿಗೆಯವರು ಸಣ್ಣ ಊರಿನ ಜನ. ಅವರಲ್ಲಿ ಒಬ್ಬರಿಗೆ ಮಂಡಕ್ಕಿ ಕೊಟ್ಟೆ. ಕೈಯಲ್ಲಿ ಹಿಡಿದು ನೋಡಿ, ಯಾವ ಕಾಳು, ಹೇಗೆ ಉಬ್ಬಿಸುತ್ತೀರಿ ಎಂದು ಕೇಳಿದರು. ಭಾವ ಜರ್ಮನ್‌ನಲ್ಲಿ ಹೇಳುತ್ತಾ ಹೋದರು. ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಾಕಿ, ಕಾದ ಮರಳಿನಲ್ಲಿ ಎಂದು. ಮರಳು ಎಂದಾಗ ಅವರು ತಮ್ಮ ಹೆಂಗಸನ್ನು ಕರೆದು ಇನ್ನೊಂದು ಸಲ ಹೇಳಿಸಿ ಕೇಳಿದರು. ಹಿಂದೆ ಕ್ಯೂ ಬೆಳೆಯುತ್ತಾ ಇತ್ತು, ಯಾರೂ ಗೊಣಗಲಿಲ್ಲ.

ಬಾಂಬೆರ್ಗ್ ನಡುವೆ ಹೋದದ್ದು, ಕೊನೆಗೆ ಇಟ್ಟುಕೊಂಡೆ. ಮೊದಲು ಒಂದು ಬ್ರೂವರಿಯಲ್ಲಿ ಭಾವ ಕೌಂಟರಿಗೆ ಹೋಗಿ "ಅ ಊ" ಎಂದರು. ಇವರಿಗೆ ಅಕ್ಷರಾಭ್ಯಾಸ ಯಾಕೆ ಈಗ ಎಂದುಕೊಂಡೆ. ಆ ಬ್ರೂವರಿಯ ಹೆಸರು ಮಾರ್ಸ್ ಬ್ರಾಯ್. ಅ ಎಂದರೆ ಒಂದು, ಅಲ್ಲಿನ ಒಂದು ಬಿಯರಿನ ಹೆಸರೇ ಊ, ಮುಚ್ಚಳ ಬಿಗಿಯದೆ ಇಟ್ಟದ್ದು ಎನ್ನುವುದರ ಮೊದಲ ಅಕ್ಷರ. ಗ್ಯಾಸ್ ಕಡಿಮೆ, ಸೋಸಿರುವುದಿಲ್ಲ, ಮಬ್ಬು ಮಬ್ಬು. ನನಗೆ ಬಹಳ ಹಿಡಿಸಿತು. ನಮ್ಮ ಸಪ್ಲೈಯರ್‌ಗೂ ಹೀಗೆ ಒಂದೇ ಅಕ್ಷರದಲ್ಲಿ ಹೇಳಿ ನೋಡಬೇಕು.

ಸಂಜೆ ಶ್ಲೆಂಕರ್ಲಾ. ಹಳೇ ಪೇಟೆ, ಸಣ್ಣ ಓಣಿ, ಜನ ಬಾಗಿಲ ಹೊರಗೇ ಗ್ಲಾಸು ಹಿಡಿದು ನಿಂತಿದ್ದರು. ಓಣಿ ತಿರುಗುವಾಗಲೇ ನನಗೆ ಏನೋ ಅನಿಸಿತು. ಮರದ ಪೀಪಾಯಿಯಿಂದ ಸೀದಾ ಗ್ಲಾಸಿಗೆ ಬಿಟ್ಟು ಕೊಟ್ಟರು. ಕಾಫಿ ಡಿಕಾಕ್ಷನ್ ಬಣ್ಣ. ಮೂಗಿನ ಹತ್ತಿರ ತಂದೆ. ಹೊಗೆ! ಸೌದೆ ಹೊಗೆ. ಬೆಳಗಿನ ಜಾವ ಐದಕ್ಕೆ ಒಲೆ ಹಚ್ಚಿದಾಗ ಅಂಗಿಗೆ ಹತ್ತುತ್ತದಲ್ಲ, ನನ್ನ ಹೆಂಡತಿ ಬೇರೆ ಬಕೆಟ್ಟಿನಲ್ಲಿ ಒಗೆಯುವ ಆ ಅಂಗಿಯ ವಾಸನೆ. ಏಳು ಸುತ್ತು ಅವರು ಯಾಕೆ ಹೇಳಲಿಲ್ಲ ಎಂದು ಆಗ ತಿಳಿಯಿತು.

ಭಾವನಿಗೆ ಹಿಡಿಸಲಿಲ್ಲ. ಅಲ್ಲಿ ಎಲ್ಲರಿಗೂ ಹೇಳುತ್ತಾರಂತೆ, ಮೂರನೇ ಗ್ಲಾಸಿಗೆ ಹೊಂದಿಕೊಳ್ಳುತ್ತದೆ ಎಂದು. ನನಗೆ ಮೊದಲ ಗುಟುಕಿಗೇ ಹೊಂದಿತು. ಹೊಗೆ ಮುಂದೆ ಬರುತ್ತದೆ, ಹಿಂದೆ ಹುರಿದ ಕಾಳಿನ ಸಣ್ಣ ಸಿಹಿ ಇರುತ್ತದೆ. ಶೇ 5.1 ಅಷ್ಟೇ. ಒಂದೇ ಅರ್ಧ ಲೀಟರ್ ತಗೊಂಡು ಒಂದು ಗಂಟೆ ಹತ್ತು ನಿಮಿಷ ಕುಡಿದೆ. ಗಡಿಯಾರ ನೋಡಿದ್ದು ನಾನಲ್ಲ, ಭಾವ.

ಹಿಂದೆ ಹೆಚ್ಚಿನ ಕಡೆ ಮಾಲ್ಟ್ ಒಣಗಿಸುತ್ತಿದ್ದದ್ದು ಬೆಂಕಿಯ ಮೇಲೇ ಅಂತೆ. ಹಾಗಾಗಿ ಹೆಚ್ಚಿನ ಬಿಯರಿಗೆ ಒಂದಿಷ್ಟು ಹೊಗೆ ಇರುತ್ತಿತ್ತು. ಆಮೇಲೆ ಹೊಗೆ ತಾಗದ ಹಾಗೆ ಬಿಸಿ ಗಾಳಿ ಬಿಡುವ ಒಲೆ ಬಂತು, ಎಲ್ಲರೂ ಬದಲಾದರು. ಇವರು, ಮತ್ತೆ ಅದೇ ಊರಿನ ಶ್ಪೆಟ್ಸಿಯಾಲ್ ಎನ್ನುವ ಇನ್ನೊಂದು ಮನೆಯವರು ಬಿಡಲಿಲ್ಲ. ಇಂದಿಗೂ ಬೀಚ್ ಮರದ ಸೌದೆ ಉರಿಸಿ ತಾವೇ ಮಾಲ್ಟ್ ಒಣಗಿಸುತ್ತಾರೆ. ನಮ್ಮ ಕಡೆ ಸೌದೆ ಬದಲು ಏನೇನೋ ಸುಟ್ಟು ಹೊಗೆ ಎಬ್ಬಿಸಿ ಬೈಸಿಕೊಂಡ ಕಾಲ ನೆನಪಾಯಿತು. ಆ ಹೊಗೆ ಯಾವ ಬಿಯರಿಗೂ ಬೇಡ.

ಅಜ್ಜಿ, ರೊಟ್ಟಿ ಬುತ್ತಿ ಮಾರನೇ ದಿನ ಬಾಂಬೆರ್ಗ್ ಗುಡ್ಡದ ಮೇಲಿನ ಒಂದು ಕೆಲ್ಲರ್‌ನಲ್ಲಿ ಬಿಚ್ಚಿದೆವು. ನಿಮ್ಮ ಮುದುಕ ಸಿಗಲಿಲ್ಲ. ಚಟ್ನಿಪುಡಿ ಮಾತ್ರ ಮೂರು ಮೇಜು ದಾಟಿತು. ಆಲೂಗಡ್ಡೆ ಸಲಾಡ್ ಮುಟ್ಟಲಿಲ್ಲ.

ಬರುವಾಗ ಆ ಹೊಗೆ ಬಿಯರಿನ ಎರಡು ಬಾಟಲಿ ಸೂಟ್‌ಕೇಸಿನಲ್ಲಿ ಪಂಚೆ ಸುತ್ತಿ ತಂದೆ. ಎರಡು ಲೀಟರಿನವರೆಗೆ ತರಬಹುದು, ಇದು ಒಂದೇ ಲೀಟರ್. ಒಂದನ್ನು ಗೆಳೆಯರಿಗೆ ಕೊಟ್ಟೆ. ಒಬ್ಬ, "ಇದು ಕೆಟ್ಟಿದೆ ಗುರು" ಎಂದ. ಇನ್ನೊಂದನ್ನು ಮೊನ್ನೆ ಭಟ್ಟಿಗೆ ಒಯ್ದೆ. ಅಪ್ಪ ಜೀವನದಲ್ಲಿ ಬಾಯಿಗೆ ಮುಟ್ಟಿಸಿದವರಲ್ಲ. ಅವರ ಎದುರು ಬಾಟಲಿ ತೆರೆಯುವಾಗ ಕೈ ನಡುಗಿದ್ದು ಸುಳ್ಳಲ್ಲ. ಲೋಟಕ್ಕೆ ಅರ್ಧ ಬಗ್ಗಿಸಿ, "ಕುಡಿಯಬೇಡಿ, ಮೂಸಿ ನೋಡಿ ಸಾಕು" ಎಂದೆ.

ಅಪ್ಪ ನನ್ನ ಮುಖ ನೋಡಿದರು. ಲೋಟ ನೋಡಿದರು. ಮೂಸಿದರು. ಇನ್ನೊಂದು ಸಲ ಮೂಸಿದರು.

"ಯಾವ ಸೌದೆ ಹಾಕ್ತಾರಂತೋ ಇದಕ್ಕೆ?" ಎಂದರು.

ಪೀಪಾಯಿ, ಹರಿಹರದವನು, ಈಗ ಬೆಂಗಳೂರು

ಓದಿ ಖುಷಿಯಾಯಿತು. ಆದರೆ ಅರ್ಧ ಬಾಟಲಿ ಏನು ಮಾಡಿದಿರಿ? ತೆರೆದದ್ದು ಇಟ್ಟರೆ ಗ್ಯಾಸ್ ಹೋಗಿ ಸಪ್ಪೆಯಾಗುತ್ತದೆ. ಆವತ್ತೇ ಮುಗಿಸಬೇಕು.

ಭಟ್ಟಿ ಹುಡುಗ, ದಾವಣಗೆರೆ

ಸಪ್ಪೆಯಾಗಿ ಆಯಿತು. ಅಪ್ಪನ ಗಲ್ಲಾಪೆಟ್ಟಿಗೆ ಪಕ್ಕದಲ್ಲಿದೆ. ಬಂದ ಗಿರಾಕಿಗಳಿಗೆಲ್ಲ ಮುಚ್ಚಳ ತೆಗೆದು ಮೂಸಿ ನೋಡಿ ಎಂದು ಕೊಡುತ್ತಿದ್ದಾರೆ.